ಬ್ರೌಸರ್ ಕತ್ತರಿಸಿದ ಒತ್ತಕ್ಷರ

ರಾತ್ರಿ ಒಂಬತ್ತಕ್ಕೆ ಬಂಡೀಪುರದ ಕಾಡು ದಾಟುವ ಎರಡೂ ಹೆದ್ದಾರಿಗಳ ಗೇಟು ಬೀಳುತ್ತದೆ, ಮತ್ತೆ ತೆರೆಯುವುದು ಬೆಳಿಗ್ಗೆ ಆರಕ್ಕೆ. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಈ ಆದೇಶವನ್ನು ಮರುವರ್ಷ ಹೈಕೋರ್ಟ್ ಎತ್ತಿಹಿಡಿಯಿತು. ವಯನಾಡಿನ ಕಡೆಗೆ ಹೋಗುವವರಿಗೆ ಮದ್ದೂರು ಚೆಕ್‌ಪೋಸ್ಟ್, ಊಟಿ ಕಡೆಗೆ ಹೋಗುವವರಿಗೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್. ಗುಂಡ್ಲುಪೇಟೆ ಸುತ್ತಮುತ್ತ ಹೋಂಸ್ಟೇ, ಲಾಡ್ಜ್, ಟ್ಯಾಕ್ಸಿ ನಡೆಸುವವರ ವೆಬ್‌ಸೈಟಿನಲ್ಲಿ ಹುಲಿಯ ಫೋಟೊಗಿಂತ ಮುಖ್ಯವಾದದ್ದು ಒಂದೇ ಸಾಲು: ‘ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ’.

ಈ ಸಾಲನ್ನು ಓದುವವರು ಯಾರು ಯಾರು ಎಂದು ಯೋಚಿಸಿ. ಬೆಂಗಳೂರಿನಿಂದ ಹೊರಟವರ ಕೈಯಲ್ಲಿ ಹೊಸ ಐಫೋನ್. ಸುಲ್ತಾನ್ ಬತ್ತೇರಿಗೆ ತರಕಾರಿ ಸಾಗಿಸುವ ಲಾರಿ ಚಾಲಕನದು ಏಳೆಂಟು ವರ್ಷ ಹಳೆಯ ಆಂಡ್ರಾಯ್ಡ್. ಹಂಗಳದ ರೈತನ ಜೇಬಿನಲ್ಲಿ ಕೀಪ್ಯಾಡಿನ ಜಿಯೋಫೋನ್ ಇದ್ದೀತು. ಪಟ್ಟಣದ ಸೈಬರ್ ಸೆಂಟರಿನಲ್ಲಿ ವಿಂಡೋಸ್ 7 ಇನ್ನೂ ಓಡುತ್ತಿರಬಹುದು. ಪುಟ ಒಂದೇ, ಕೋಡ್ ಒಂದೇ. ಆದರೆ ಒಂದು ಕಡೆ ಗುಂಡಿ ಪರದೆಯ ಕೆಳಗೆ ಜಾರಿಹೋಗಿರುತ್ತದೆ, ಇನ್ನೊಂದು ಕಡೆ ಎರಡು ಕಾಲಮ್ಮುಗಳು ಒಂದರ ಮೇಲೊಂದು ಏರಿ ಕೂತಿರುತ್ತವೆ, ಮತ್ತೊಂದು ಕಡೆ ‘ರಾತ್ರಿ’ಯ ಒತ್ತು ಕತ್ತರಿಸಿಹೋಗಿ ‘ರಾತಿ’ ಆಗಿರುತ್ತದೆ. ಮೊದಲ ಎರಡು ತೊಂದರೆಗಳ ಬಗ್ಗೆ ಜಗತ್ತು ಮೂರು ದಶಕದಿಂದ ತಲೆ ಕೆಡಿಸಿಕೊಂಡಿದೆ, ಬಹುಪಾಲು ಪರಿಹಾರವೂ ಸಿಕ್ಕಿದೆ. ಮೂರನೆಯದು ನಮ್ಮದು. ಅದನ್ನು ನಾವೇ ಎತ್ತಿ ಹೇಳಬೇಕು. ಈ ಬರಹ ಹೊರಟಿದ್ದು ಅದಕ್ಕಾಗಿ.

ಬ್ರೌಸರುಗಳು ಯಾಕೆ ಹೀಗೆ ಬೇರೆಬೇರೆಯಾಗಿ ವರ್ತಿಸುತ್ತವೆ? ಪುಟದ ವಿಷಯ ಇರುವುದು ಎಚ್‌ಟಿಎಮ್‌ಎಲ್‌ನಲ್ಲಿ. ಅದರ ಅಂದಚಂದ, ಅಳತೆ, ಯಾವುದು ಎಲ್ಲಿ ಕೂರಬೇಕು ಎಂಬ ಅಪ್ಪಣೆಗಳು ಸಿಎಸ್‌ಎಸ್‌ನಲ್ಲಿ. ನಾರ್ವೆಯ ಹೋಕನ್ ವಿಯುಮ್ ಲಿ ಈ ಭಾಷೆಯನ್ನು 1994ರ ಅಕ್ಟೋಬರಿನಲ್ಲಿ ಪ್ರಸ್ತಾಪಿಸಿದರು, 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಒಪ್ಪಿದ ಮಾನದಂಡವಾಯಿತು. ಮಾನದಂಡ ಎಂದರೆ ಕಾಗದದ ಮೇಲಿನ ಒಪ್ಪಂದ. ಅದನ್ನು ಓದಿ ಪರದೆಯ ಮೇಲೆ ಚಿತ್ರಿಸುವ ಎಂಜಿನ್‌ಗಳು ಇಂದು ಮುಖ್ಯವಾಗಿ ಮೂರು: ಕ್ರೋಮ್, ಎಡ್ಜ್, ಒಪೇರಾಗಳ ಒಳಗಿರುವ ಬ್ಲಿಂಕ್, ಫೈರ್‌ಫಾಕ್ಸಿನ ಗೆಕೊ, ಆಪಲ್‌ನ ಸಫಾರಿ ಬ್ರೌಸರಿನ ವೆಬ್‌ಕಿಟ್. ಒಂದೇ ವಾಕ್ಯವನ್ನು ಮೂವರು ಮೂರು ರೀತಿ ಅರ್ಥ ಮಾಡಿಕೊಳ್ಳುವುದುಂಟು. ಒಬ್ಬರು ಈ ವರ್ಷ ಜಾರಿಗೆ ತಂದದ್ದನ್ನು ಇನ್ನೊಬ್ಬರು ನಾಲ್ಕು ವರ್ಷ ಬಿಟ್ಟು ತರುವುದುಂಟು. ಅದರ ಮೇಲೆ ಹಳೆಯ ಫೋನು, ಹಳೆಯ ಕಂಪ್ಯೂಟರಿನಲ್ಲಿ ಬ್ರೌಸರ್ ಒಂದು ಆವೃತ್ತಿಗೆ ನಿಂತೇಬಿಡುತ್ತದೆ. ವಿಂಡೋಸ್ 7ರಲ್ಲಿ ಕ್ರೋಮ್ 2023ರ ಆರಂಭದ 109ನೇ ಆವೃತ್ತಿಗೆ ನಿಂತಿದೆ. ಆಂಡ್ರಾಯ್ಡ್ 5ರಲ್ಲಿ 95ಕ್ಕೆ, 6ರಲ್ಲಿ 106ಕ್ಕೆ, 7ರಲ್ಲಿ 119ಕ್ಕೆ. ಐಫೋನ್ 6 ಇಟ್ಟುಕೊಂಡವರು ಐಒಎಸ್ 12ರ ಆಚೆ ಹೋಗಲಾರರು, ಅದರೊಂದಿಗೆ ಅವರ ಸಫಾರಿಯೂ ಅಲ್ಲೇ ಉಳಿಯುತ್ತದೆ. ಇವತ್ತಿನ ಬ್ರೌಸರ್ ಭೇದ ಎಂದರೆ ಹೆಚ್ಚಿನ ಮಟ್ಟಿಗೆ ವಯಸ್ಸಿನ ಭೇದ.

ಮೊದಲು ಹೀಗಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ನಡುವೆ ಒಂದು ಪೆಟ್ಟಿಗೆಯ ಅಗಲ ಎಷ್ಟು ಎಂಬುದರಲ್ಲೇ ಒಮ್ಮತವಿರಲಿಲ್ಲ. ಅಗಲ 300 ಪಿಕ್ಸೆಲ್, ಒಳಗಿನ ಅಂಚು ಎರಡೂ ಬದಿಗೆ 20 ಎಂದು ಬರೆದರೆ ಮಾನದಂಡದ ಪ್ರಕಾರ ಪೆಟ್ಟಿಗೆ 340 ಪಿಕ್ಸೆಲ್ ಜಾಗ ಹಿಡಿಯಬೇಕು. ಎಕ್ಸ್‌ಪ್ಲೋರರ್ 5 ಅಂಚನ್ನೂ 300ರ ಒಳಗೇ ಸೇರಿಸಿ ಲೆಕ್ಕ ಹಾಕುತ್ತಿತ್ತು. ನಲವತ್ತು ಪಿಕ್ಸೆಲ್ ವ್ಯತ್ಯಾಸಕ್ಕೆ ಪಕ್ಕದ ಕಾಲಮ್ ಕೆಳಗೆ ಬೀಳುತ್ತಿತ್ತು. 2001ರ ಎಕ್ಸ್‌ಪ್ಲೋರರ್ 6 ಮಾನದಂಡಕ್ಕೆ ಬಂತು, ಆದರೆ ಪುಟದ ಮೊದಲ ಸಾಲಿನಲ್ಲಿ ಸರಿಯಾದ ಡಾಕ್‌ಟೈಪ್ ಘೋಷಣೆ ಇದ್ದರೆ ಮಾತ್ರ, ಇಲ್ಲದಿದ್ದರೆ ಹಳೆಯ ಲೆಕ್ಕವೇ. ಆ ಕಾಲದ ವಿನ್ಯಾಸಕಾರರು ಎಕ್ಸ್‌ಪ್ಲೋರರಿಗಷ್ಟೇ ಕಾಣುವ ಕಂಡಿಷನಲ್ ಕಾಮೆಂಟುಗಳನ್ನು ಬರೆದು ಅದಕ್ಕೊಂದು ಪ್ರತ್ಯೇಕ ಸ್ಟೈಲ್‌ಶೀಟ್ ಕೊಡುತ್ತಿದ್ದರು. ಈಗ ಬಾಕ್ಸ್-ಸೈಸಿಂಗ್ ಎಂಬ ನಿಯಮವಿದೆ, ಯಾವ ಲೆಕ್ಕ ಬೇಕೋ ನಾವೇ ಆರಿಸಬಹುದು. ಅಂಚನ್ನು ಒಳಗೇ ಸೇರಿಸುವ ಬಾರ್ಡರ್-ಬಾಕ್ಸ್ ಲೆಕ್ಕವನ್ನೇ ಇವತ್ತು ಬಹುತೇಕ ಎಲ್ಲರೂ ಸ್ಟೈಲ್‌ಶೀಟಿನ ತಲೆಯಲ್ಲಿ ಬರೆದುಕೊಳ್ಳುತ್ತಾರೆ. ಅದು ಸುಲಭವೂ ಹೌದು. 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ 11 ನಿವೃತ್ತಿಯಾದ ಮೇಲೆ ಆ ಅಧ್ಯಾಯ ಮುಗಿಯಿತು.

ಇಷ್ಟು ಭೇದವಿದ್ದರೂ ಒಂದೇ ಪುಟವನ್ನು ಎಲ್ಲರಿಗೂ ಮುಟ್ಟಿಸಲು ಸಾಧ್ಯವಾಗುವುದು ಸಿಎಸ್‌ಎಸ್‌ನ ಒಂದು ಮೂಲ ಗುಣದಿಂದ. ತನಗೆ ಅರ್ಥವಾಗದ ಸಾಲು ಕಂಡರೆ ಬ್ರೌಸರ್ ದೂರು ಹೇಳುವುದಿಲ್ಲ, ನಿಲ್ಲುವುದೂ ಇಲ್ಲ. ಬಾಳೆಲೆಯಲ್ಲಿ ಗುರುತಿಲ್ಲದ ಪದಾರ್ಥವನ್ನು ಬದಿಗೆ ಸರಿಸಿ ಉಳಿದದ್ದನ್ನು ಉಣ್ಣುವವರಂತೆ ಮುಂದಿನ ಸಾಲಿಗೆ ಹೋಗುತ್ತದೆ. ಒಂದೇ ವಿಷಯಕ್ಕೆ ಎರಡು ಸಾಲು ಬರೆದಿದ್ದರೆ, ಅರ್ಥವಾದವುಗಳಲ್ಲಿ ಕೊನೆಯದನ್ನು ಪಾಲಿಸುತ್ತದೆ. ಹಾಗಾಗಿ ಹಳಬರಿಗೆ ತಿಳಿಯುವ ಸಾಲನ್ನು ಮೊದಲು, ಹೊಸಬರಿಗೆ ಮಾತ್ರ ತಿಳಿಯುವುದನ್ನು ಅದರ ಕೆಳಗೆ ಬರೆಯಬೇಕು. ಇದೊಂದನ್ನು ಕೈಗೆ ಅಭ್ಯಾಸ ಮಾಡಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಪರದೆಯ ಕೆಳಗೆ ಜಾರುವ ಗುಂಡಿಯನ್ನೇ ತೆಗೆದುಕೊಳ್ಳಿ. ಹೋಂಸ್ಟೇ ಪುಟದ ಮೊದಲ ನೋಟವೇ ಪರದೆ ತುಂಬ ಕಾಡಿನ ಚಿತ್ರ, ಕೆಳತುದಿಯಲ್ಲಿ ‘ಕರೆ ಮಾಡಿ’ ಗುಂಡಿ. ಪರದೆಯಷ್ಟೇ ಎತ್ತರ ಬೇಕೆಂದು 100 ವಿಎಚ್ ಎಂದು ಬರೆದಿರುತ್ತಾರೆ. ಮೊಬೈಲ್ ಬ್ರೌಸರುಗಳು ಈ ಎತ್ತರವನ್ನು ವಿಳಾಸಪಟ್ಟಿ ಮಡಚಿಕೊಂಡಾಗಿನ ದೊಡ್ಡ ಪರದೆಗೆ ಲೆಕ್ಕ ಹಾಕುತ್ತವೆ. ಪುಟ ತೆರೆದ ಕ್ಷಣದಲ್ಲಿ ವಿಳಾಸಪಟ್ಟಿ ಬಿಚ್ಚಿಕೊಂಡೇ ಇರುತ್ತದೆ, ಗುಂಡಿ ಅಷ್ಟು ಕೆಳಗೆ ಹೋಗಿ ಕಾಣದಾಗುತ್ತದೆ. ಕಂಪ್ಯೂಟರಿನಲ್ಲಿ ಕೂತು ಪುಟ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಇದಕ್ಕೆಂದೇ ಎಸ್‌ವಿಎಚ್, ಡಿವಿಎಚ್ ಎಂಬ ಹೊಸ ಅಳತೆಗಳು ಬಂದಿವೆ. ಸಫಾರಿ 2022ರ ಮಾರ್ಚಿನ 15.4ರಲ್ಲಿ, ಕ್ರೋಮ್ ಅದೇ ವರ್ಷದ ಕೊನೆಯ 108ರಲ್ಲಿ ಅವನ್ನು ತಂದವು. ಮೊದಲ ಸಾಲಿನಲ್ಲಿ 100 ವಿಎಚ್, ಎರಡನೆಯದರಲ್ಲಿ 100 ಎಸ್‌ವಿಎಚ್. ಹೊಸ ಫೋನು ಎರಡನೆಯದನ್ನು ಪಾಲಿಸುತ್ತದೆ, ಹಳೆಯದು ಮೊದಲನೆಯದರಲ್ಲಿ ಉಳಿಯುತ್ತದೆ. ಹಳೆಯ ಫೋನಿನಲ್ಲೂ ಗುಂಡಿ ಕಾಣಲೇಬೇಕಾದರೆ ಅದನ್ನು ಚಿತ್ರದ ತಳದಿಂದ ಎತ್ತಿ ಶೀರ್ಷಿಕೆಯ ಕೆಳಗೇ ಇಡುವುದು ಲೇಸು. ಯಾವ ಉಪಾಯಕ್ಕಿಂತಲೂ ಗಟ್ಟಿಯಾದದ್ದು ಉಪಾಯವೇ ಬೇಡದ ವಿನ್ಯಾಸ.

ಕಾಲಮ್ಮುಗಳ ಕತೆ ಇನ್ನೂ ಸ್ವಾರಸ್ಯದ್ದು. ಗ್ರಿಡ್ ಎಂಬ ವಿನ್ಯಾಸ ಪದ್ಧತಿ 2017ರ ಮಾರ್ಚಿನಲ್ಲಿ ಕ್ರೋಮ್ 57, ಫೈರ್‌ಫಾಕ್ಸ್ 52, ಸಫಾರಿ 10.1ರಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬಂತು. ಅಂಥ ಒಗ್ಗಟ್ಟು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅದೇ ವರ್ಷ ಬಿಡುಗಡೆಯಾದ ಜಿಯೋಫೋನಿನ ಕೈಒಎಸ್ ಮಾತ್ರ ಫೈರ್‌ಫಾಕ್ಸ್ 48ರ ಎಂಜಿನ್ ಇಟ್ಟುಕೊಂಡು ಬಂದಿತ್ತು, ನಾಲ್ಕು ಆವೃತ್ತಿ ಹಿಂದಿನದು. ಅದಕ್ಕೆ ಗ್ರಿಡ್ ತಿಳಿಯದು. ಪರದೆಯ ಅಗಲ 240 ಪಿಕ್ಸೆಲ್ ಅಷ್ಟೇ. ಅಲ್ಲಿಗೆ ಒಂದೇ ಕಾಲಮ್ ಸಾಕು, ಅದೇ ಚೆಂದ. ಹಾಗಾಗಿ ಏನೂ ಹೇಳದಿದ್ದಾಗ ಪುಟ ಮೇಲಿನಿಂದ ಕೆಳಕ್ಕೆ ಸರಳವಾಗಿ ಹರಿಯುವಂತೆ ಬರೆದು, ಆಮೇಲೆ ‘ಗ್ರಿಡ್ ಗೊತ್ತಿದ್ದರೆ ಮಾತ್ರ’ ಎಂಬ ಷರತ್ತಿನೊಳಗೆ ಎರಡು ಮೂರು ಕಾಲಮ್ಮಿನ ನಿಯಮಗಳನ್ನು ಇಡಬೇಕು. ಈ ಷರತ್ತಿನ ಹೆಸರು ಸಪೋರ್ಟ್ಸ್. ಜಿಯೋಫೋನಿನ ಹಳೆಯ ಎಂಜಿನ್‌ಗೂ ಈ ಷರತ್ತು ಅರ್ಥವಾಗುತ್ತದೆ, ‘ನನಗೆ ಗ್ರಿಡ್ ತಿಳಿಯದು’ ಎಂದು ಅದು ಒಳಗಿನದನ್ನೆಲ್ಲ ಬಿಟ್ಟು ಮುಂದೆ ಹೋಗುತ್ತದೆ.

ಈ ಷರತ್ತು ಕೂಡ ಒಂದು ಕಡೆ ಕೈಕೊಡುತ್ತದೆ, ತಿಳಿದಿರುವುದು ಒಳ್ಳೆಯದು. ಪೆಟ್ಟಿಗೆಗಳ ನಡುವೆ ಅಂತರ ಬಿಡುವ ಗ್ಯಾಪ್ ಎಂಬ ನಿಯಮ ಮೊದಲು ಬಂದದ್ದು ಗ್ರಿಡ್‌ಗೆ. ಆಮೇಲೆ ಅದೇ ಹೆಸರನ್ನು, ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್ ವಿನ್ಯಾಸಕ್ಕೂ ವಿಸ್ತರಿಸಿದರು. ಸಫಾರಿ ಫ್ಲೆಕ್ಸ್‌ನಲ್ಲಿ ಗ್ಯಾಪ್ ಕಲಿತದ್ದು 2021ರ ಏಪ್ರಿಲಿನ 14.1ರಲ್ಲಿ. ಅದಕ್ಕೂ ಹಿಂದಿನ ಸಫಾರಿಯನ್ನು ‘ಗ್ಯಾಪ್ ಗೊತ್ತೇ’ ಎಂದು ಕೇಳಿದರೆ, ಗ್ರಿಡ್‌ನ ಗ್ಯಾಪ್ ಗೊತ್ತಿರುವುದರಿಂದ ‘ಗೊತ್ತು’ ಎನ್ನುತ್ತದೆ. ಫ್ಲೆಕ್ಸ್‌ನಲ್ಲಿ ಮಾತ್ರ ಅಂತರ ಬಿಡುವುದಿಲ್ಲ. ಐಫೋನ್ 6ರಲ್ಲಿ ‘ಸಫಾರಿ’, ‘ಕೊಠಡಿ’, ‘ಊಟ’, ‘ದಾರಿ’ ಎಂಬ ನಾಲ್ಕು ಮೆನುಗಳು ಒಂದಕ್ಕೊಂದು ಅಂಟಿ ಒಂದೇ ಪದದಂತೆ ಕಾಣುವುದು ಇದರಿಂದಲೇ. ಅಲ್ಲಿ ಹಳೆಯ ಮಾರ್ಜಿನ್ ನಿಯಮವೇ ನಂಬಿಕಸ್ಥ. ವಿಂಡೋಸ್ 7ರ ಕ್ರೋಮ್ 109ರ ಸಮಸ್ಯೆ ಬೇರೆ: ನಿಯಮದೊಳಗೆ ನಿಯಮ ಬರೆಯುವ ನೆಸ್ಟಿಂಗ್ ಪದ್ಧತಿ ಕ್ರೋಮಿಗೆ ಬಂದದ್ದು 112ರಲ್ಲಿ. ಮೂರು ಆವೃತ್ತಿಗಳ ಅಂತರಕ್ಕೆ ಇಡೀ ಪುಟದ ಬಣ್ಣ, ಅಳತೆ ಉದುರಿಹೋಗಬಹುದು. ನೆಸ್ಟಿಂಗ್ ಬೇಕೆನ್ನುವವರು ಅದನ್ನು ಬಿಡಿಸಿ ಬರೆದುಕೊಡುವ ಉಪಕರಣ ಬಳಸಿ, ಬಿಡಿಸಿದ ಕಡತವನ್ನೇ ಸರ್ವರಿಗೆ ಹಾಕಿದರಾಯಿತು.

ಇಲ್ಲಿಯವರೆಗಿನದು ಲಂಡನ್ನಿನಲ್ಲೂ ಲಖನೌದಲ್ಲೂ ಒಂದೇ. ಇನ್ನು ನಮ್ಮ ಲಿಪಿಗೆ ಬರೋಣ.

ಕನ್ನಡ ಓದುಗರಿಗೆ ಬ್ರೌಸರ್ ಭೇದ ಹೊಸದಲ್ಲ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಜಾಲಪತ್ರಿಕೆ ಆರಂಭಿಸಿದ ಕಾಲದಲ್ಲಿ ಬ್ರೌಸರುಗಳಿಗೆ ಕನ್ನಡವೇ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳೇ ಗತಿ. ಮುಂದೆ ಫಾಂಟನ್ನು ಪುಟದ ಜೊತೆಗೇ ಕಳಿಸುವ ‘ಡೈನಮಿಕ್ ಫಾಂಟ್’ ಬಂತು. ಎಕ್ಸ್‌ಪ್ಲೋರರಿಗೆ ಇಒಟಿ ಎಂಬ ಕಡತ, ನೆಟ್‌ಸ್ಕೇಪಿಗೆ ಪಿಎಫ್‌ಆರ್ ಎಂಬ ಬೇರೆಯದೇ ಕಡತ. ನೆಟ್‌ಸ್ಕೇಪ್ ಮರೆಯಾಗಿ ಫೈರ್‌ಫಾಕ್ಸ್ ಬಂದಾಗ ಅದಕ್ಕೆ ಎರಡೂ ತಿಳಿಯದು. ಎಕ್ಸ್‌ಪ್ಲೋರರಿನಲ್ಲಿ ಅಚ್ಚುಕಟ್ಟಾಗಿ ಕಾಣುವ ಕನ್ನಡ ಸುದ್ದಿ ಫೈರ್‌ಫಾಕ್ಸಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗುತ್ತಿತ್ತು. ಭಾರತೀಯ ಭಾಷೆಗಳ ಇಂಥ ಪುಟಗಳನ್ನು, ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿಗೆ ತಿರುಗಿಸಿ ತೋರಿಸಲು ‘ಪದ್ಮ’ ಎಂಬ ಆಡ್-ಆನ್ ಹುಟ್ಟಿಕೊಂಡದ್ದು ಆ ದಿನಗಳಲ್ಲಿ. ಯೂನಿಕೋಡ್ ಹರಡಿದ ಮೇಲೂ ಮೊಬೈಲಿನಲ್ಲಿ ಬರೀ ಚೌಕಗಳೇ ಕಾಣುತ್ತಿದ್ದವು. ಆಂಡ್ರಾಯ್ಡ್ ಅಧಿಕೃತವಾಗಿ ಕನ್ನಡ, ತೆಲುಗು, ಮಲಯಾಳಂಗಳನ್ನು ಬೆಂಬಲಿಸಿದ್ದು 2012ರ 4.1ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಒಪೇರಾ ಮಿನಿಯ ವಿಳಾಸಪಟ್ಟಿಯಲ್ಲಿ ‘ಒಪೇರಾ: ಕಾನ್ಫಿಗ್’ ಎಂದು ಟೈಪಿಸಿ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬ ಆಯ್ಕೆಗೆ ‘ಯೆಸ್’ ಕೊಟ್ಟರೆ ಕನ್ನಡ ಚಿತ್ರರೂಪದಲ್ಲಿ ಬರುತ್ತಿತ್ತು. ಆ ಗುಟ್ಟನ್ನು ಗೆಳೆಯರು ಗೆಳೆಯರಿಗೆ ಹೇಳಿಕೊಟ್ಟು ಎಷ್ಟೋ ಜನ ಮೊದಲ ಸಲ ಕೈಯಲ್ಲೇ ಕನ್ನಡ ಓದಿದರು. ಪುಟ ಮಾಡುವವನಷ್ಟೇ ಅಲ್ಲ, ಓದುವವನೂ ಉಪಾಯ ಹೂಡಿ ಓದಿದ ಭಾಷೆ ನಮ್ಮದು.

ಈಗ ಅಕ್ಷರ ಕಾಣುತ್ತದೆ. ಪೂರ್ತಿ ಕಾಣುತ್ತದೆಯೇ ಎಂಬುದು ಪ್ರಶ್ನೆ. ‘ಬಂಡೀಪುರ ರಾಷ್ಟ್ರೀಯ ಉದ್ಯಾನ’ ಎಂಬ ಶೀರ್ಷಿಕೆಯನ್ನು ಗಮನವಿಟ್ಟು ನೋಡಿ. ‘ಷ್ಟ್ರೀ’ಯಲ್ಲಿ ಷಕಾರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಜಿ, ವೈ ಮೊದಲಾದ ಕೆಲವೇ ಅಕ್ಷರಗಳ ಬಾಲ. ಕನ್ನಡದಲ್ಲಿ ಗೆರೆಯ ಕೆಳಗೆ ಒಂದಿಡೀ ವ್ಯಂಜನವೇ ಕೂತಿರುತ್ತದೆ, ಅದಿಲ್ಲದಿದ್ದರೆ ಪದವೇ ಬೇರೆ. ಇಂಗ್ಲಿಷಿಗೆಂದು ಮಾಡಿದ ಸಿದ್ಧ ಥೀಮುಗಳಲ್ಲಿ ಶೀರ್ಷಿಕೆಯ ಸಾಲಿನ ಎತ್ತರ, ಅಂದರೆ ಲೈನ್-ಹೈಟ್, 1.1 ಅಥವಾ 1.2 ಇರುತ್ತದೆ. ಹೊರಚಾಚಿದ್ದನ್ನು ಕತ್ತರಿಸು ಎಂಬ ಓವರ್‌ಫ್ಲೋ ನಿಯಮವೂ ಜೊತೆಗಿದ್ದರೆ ಮುಗಿಯಿತು, ಒತ್ತಕ್ಷರಕ್ಕೆ ಕತ್ತರಿ ಬಿತ್ತೆಂದೇ. ‘ಗುಂಡ್ಲುಪೇಟೆ’ ‘ಗುಂಡುಪೇಟೆ’ಯಾಗುತ್ತದೆ. ಪುಟ ಮಾಡಿದವರ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಕಾಣುತ್ತಿರುತ್ತದೆ, ಏಕೆಂದರೆ ಅಲ್ಲಿರುವ ಫಾಂಟ್ ಬೇರೆ. ವಿಂಡೋಸ್ 7ರಲ್ಲಿ ‘ತುಂಗಾ’, ಅದಾದ ಮೇಲಿನ ವಿಂಡೋಸ್‌ಗಳಲ್ಲಿ ‘ನಿರ್ಮಲಾ ಯುಐ’, ಆಂಡ್ರಾಯ್ಡಿನಲ್ಲಿ ‘ನೋಟೊ ಸಾನ್ಸ್ ಕನ್ನಡ’, ಮ್ಯಾಕ್‌ನಲ್ಲಿ ‘ಕನ್ನಡ ಸಂಗಮ್’. ಪ್ರತಿಯೊಂದು ಫಾಂಟೂ ಗೆರೆಯ ಮೇಲೆ ಕೆಳಗೆ ಎಷ್ಟು ಜಾಗ ಬೇಕು ಎಂದು ತನ್ನದೇ ಲೆಕ್ಕ ಇಟ್ಟುಕೊಂಡಿದೆ. ಒಂದೇ 16 ಪಿಕ್ಸೆಲ್ ಗಾತ್ರದಲ್ಲಿ ತುಂಗಾ ಸಣ್ಣದಾಗಿ ಕಾಣುತ್ತದೆ, ನೋಟೊ ದೊಡ್ಡದಾಗಿ ಕಾಣುತ್ತದೆ.

ಇದಕ್ಕೆ ಮದ್ದು ಸುಲಭ, ಜ್ಞಾಪಕ ಇರಬೇಕಷ್ಟೆ. ಕನ್ನಡದ ಓದಿಗೆ ಲೈನ್-ಹೈಟ್ 1.6ಕ್ಕಿಂತ ಕಡಿಮೆ ಬೇಡ, ಶೀರ್ಷಿಕೆಗೂ 1.4ರ ಕೆಳಗೆ ಇಳಿಸಬೇಡಿ. ಅದನ್ನು ಪಿಕ್ಸೆಲ್ಲಿನಲ್ಲಿ ಬರೆಯದೆ ಬರಿಯ ಸಂಖ್ಯೆಯಾಗಿ ಬರೆಯಿರಿ. ಆಗ ಒಳಗಿನ ಪ್ರತಿ ಭಾಗವೂ ತನ್ನ ಗಾತ್ರಕ್ಕೆ ತಕ್ಕ ಎತ್ತರ ಪಡೆಯುತ್ತದೆ. ಗುಂಡಿಗಳಿಗೆ 36 ಪಿಕ್ಸೆಲ್ ಎಂದು ಎತ್ತರ ಕಟ್ಟಿಹಾಕಬೇಡಿ. ಕನಿಷ್ಠ ಎತ್ತರ ಕೊಟ್ಟು ಮೇಲೆ ಕೆಳಗೆ ಪ್ಯಾಡಿಂಗ್ ಬಿಟ್ಟರೆ ‘ಕೊಠಡಿ ಕಾಯ್ದಿರಿಸಿ’ಯ ದ ಒತ್ತು ಉಳಿಯುತ್ತದೆ. ಗುಂಡಿ, ಫಾರ್ಮಿನ ಖಾನೆಗಳು ಪುಟದ ಫಾಂಟನ್ನು ತಾವಾಗಿ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ‘ಫಾಂಟ್: ಇನ್‌ಹೆರಿಟ್’ ಎಂದು ಹೇಳಿಯೇ ಕೊಡಬೇಕು.

ಎಲ್ಲ ಕಡೆ ಒಂದೇ ಫಾಂಟ್ ಕಾಣಲಿ ಎಂದರೆ ಅದನ್ನು ಪುಟದೊಂದಿಗೇ ಕಳಿಸಬಹುದು, ಡೈನಮಿಕ್ ಫಾಂಟಿನ ಗೋಜಲು ಈಗಿಲ್ಲ. ಡಬ್ಲ್ಯುಒಎಫ್‌ಎಫ್ ಕಡತವನ್ನು ಎಲ್ಲ ಎಂಜಿನ್‌ಗಳೂ ಒಪ್ಪುತ್ತವೆ. ಆದರೂ ಎರಡು ಎಚ್ಚರಿಕೆ. ಕಾಡಂಚಿನಲ್ಲಿ ಸಿಗ್ನಲ್ ದುರ್ಬಲವೆಂದು ಫಾಂಟಿನ ಗಾತ್ರ ತಗ್ಗಿಸಲು ‘ಬೇಡದ ಅಕ್ಷರ’ಗಳನ್ನು ಕತ್ತರಿಸುವವರಿದ್ದಾರೆ. ಒತ್ತುಗಳಿಗೆ ಯೂನಿಕೋಡಿನಲ್ಲಿ ಪ್ರತ್ಯೇಕ ಸಂಕೇತವಿಲ್ಲ, ಅವು ಫಾಂಟಿನ ಒಳಗಿನ ಜೋಡಣೆಯ ಕೋಷ್ಟಕದಿಂದ ಮೂಡುವಂಥವು. ಆ ಕೋಷ್ಟಕ ಕತ್ತರಿಸಿಹೋದರೆ ‘ಹಳ್ಳಿ’ ಒಡೆದು ‘ಹಳ್‌ಳಿ’ ಆಗುತ್ತದೆ. ಎರಡನೆಯದು, ಸಾಮಾನ್ಯ ತೂಕದ ಫಾಂಟ್ ಒಂದನ್ನೇ ಕಳಿಸಿ ಶೀರ್ಷಿಕೆಗೆ ದಪ್ಪ ಬೇಕೆಂದರೆ ಬ್ರೌಸರ್ ತಾನೇ ಅಕ್ಷರಕ್ಕೆ ಕೃತಕವಾಗಿ ದಪ್ಪ ಬಳಿಯುತ್ತದೆ, ‘ಥ’, ‘ಧ’ಗಳ ಹೊಟ್ಟೆಯೊಳಗಿನ ಬಿಳಿ ಜಾಗ ತುಂಬಿ ಎರಡೂ ಒಂದೇ ಥರ ಕಾಣುತ್ತವೆ. ದಪ್ಪದ ಕಡತವನ್ನೂ ಕಳಿಸಬೇಕು, ಇಲ್ಲವೇ ದಪ್ಪದ ಆಸೆ ಬಿಡಬೇಕು.

ಕೊಂಡಿಗಳ ಅಡಿಗೆರೆ ಕನ್ನಡದಲ್ಲಿ ಇನ್ನೊಂದು ತೊಡಕು. ಅಕ್ಷರದ ಬಾಲ ಬಂದಲ್ಲಿ ಗೆರೆಯನ್ನು ತುಂಡರಿಸಿ ಜಾಗ ಬಿಡುವ ಪದ್ಧತಿ ಕ್ರೋಮಿಗೆ 2018ರಲ್ಲಿ, ಫೈರ್‌ಫಾಕ್ಸಿಗೆ 2019ರಲ್ಲಿ ಬಂತು. ಇಂಗ್ಲಿಷಿಗೆ ಅದು ಅಂದ. ‘ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬಸ್ಸಿನ ವೇಳೆ’ ಎಂಬ ಕೊಂಡಿಯಲ್ಲಿ ಪ್ರತಿ ಒತ್ತಿಗೂ ಗೆರೆ ತುಂಡಾಗಿ, ಕೊನೆಗೆ ಉಳಿಯುವುದು ಅಲ್ಲೊಂದು ಇಲ್ಲೊಂದು ಚೂರು. ಗೆರೆಯನ್ನು ಇನ್ನಷ್ಟು ಕೆಳಗಿಳಿಸುವ ಅಂಡರ್‌ಲೈನ್-ಆಫ್‌ಸೆಟ್ ನಿಯಮ ಈಗ ಎಲ್ಲ ಎಂಜಿನ್‌ಗಳಲ್ಲಿದೆ. ಹಳೆಯ ಫೋನುಗಳಿಗೂ ಬೇಕೆಂದರೆ ಕೆಳಗಿನ ಬಾರ್ಡರ್ ಸಾಕು.

ನಮ್ಮ ಪದಗಳ ಉದ್ದವೂ ಪುಟವನ್ನು ಒಡೆಯುತ್ತದೆ. ವಿಭಕ್ತಿ, ಕ್ರಿಯೆ, ಅವಧಾರಣೆ ಎಲ್ಲ ಒಂದಕ್ಕೊಂದು ಸೇರಿ ‘ಮೇಲುಕಾಮನಹಳ್ಳಿಯಲ್ಲಿರುವವರಿಗೆಲ್ಲ’ ಒಂದೇ ಪದವಾಗಿ ನಿಲ್ಲುತ್ತದೆ. 240 ಪಿಕ್ಸೆಲ್ ಪರದೆಯಲ್ಲಿ ಅದಕ್ಕೆ ಜಾಗವಿಲ್ಲ. ಪದ ಹೊರಗೆ ಚಾಚಿ ಇಡೀ ಪುಟ ಅಡ್ಡಡ್ಡ ಜಾರತೊಡಗುತ್ತದೆ. ಅಗತ್ಯ ಬಿದ್ದರೆ ಎಲ್ಲಾದರೂ ಮುರಿ ಎನ್ನುವ ‘ಎನಿವೇರ್’ ಬೆಲೆಯನ್ನು ಫೈರ್‌ಫಾಕ್ಸ್ 65, ಕ್ರೋಮ್ 80, ಸಫಾರಿ 15.4 ಕಲಿತಿವೆ. ಅದಕ್ಕೂ ಹಿಂದಿನವಕ್ಕೆ ‘ಬ್ರೇಕ್-ವರ್ಡ್’ ಎಂಬ ಹಳೆಯ ಬೆಲೆಯನ್ನು ಮೇಲಿನ ಸಾಲಿನಲ್ಲಿ ಬರೆಯಬೇಕು. ಇವೆರಡೂ ಪದವನ್ನು ಎಲ್ಲೆಂದರಲ್ಲಿ ಮುರಿಯುತ್ತವೆ. ಪುಟಕ್ಕೆ ಭಾಷೆ ಕನ್ನಡ ಎಂಬ ಗುರುತು ಕೊಟ್ಟು ಹೈಫನ್ಸ್ ನಿಯಮ ಬರೆದರೆ ಫೈರ್‌ಫಾಕ್ಸ್ ಕನ್ನಡದ ಪದಗಳನ್ನು ಸರಿಯಾದ ಕಡೆ ಮುರಿಯುತ್ತದೆ, ಅದಕ್ಕೆ ಬೇಕಾದ ಕನ್ನಡದ ಪಟ್ಟಿ ಅದರಲ್ಲಿದೆ. ಎಲ್ಲ ಬ್ರೌಸರಿನಲ್ಲೂ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಊರಿನ ಹೆಸರುಗಳಂಥ ಹತ್ತಿಪ್ಪತ್ತು ಉದ್ದ ಪದಗಳಿದ್ದರೆ ‘ಮೇಲು’, ‘ಕಾಮನ’, ‘ಹಳ್ಳಿ’ಗಳ ನಡುವೆ ಕಣ್ಣಿಗೆ ಕಾಣದ ಸಾಫ್ಟ್ ಹೈಫನ್ ಇಡುವುದೇ ಮೇಲು. ಯಾವ ಬ್ರೌಸರಿದ್ದರೂ ಅದು ಕೆಲಸ ಮಾಡುತ್ತದೆ.

ಮೊದಲ ಅಕ್ಷರವನ್ನು ದೊಡ್ಡದಾಗಿ ಅಲಂಕರಿಸುವ ಫಸ್ಟ್-ಲೆಟರ್ ನಿಯಮದ ಕತೆ ಹೇಳಲೇಬೇಕು, ಏಕೆಂದರೆ ತೊಂದರೆಯ ಬೇರು ಅಲ್ಲಿ ಕಾಣುತ್ತದೆ. ‘ಸ್ವಾಗತ’ದ ಮೊದಲ ಅಕ್ಷರ ಯಾವುದು? ಒಂದನೆಯ ತರಗತಿಯ ಮಗು ‘ಸ್ವಾ’ ಎನ್ನುತ್ತದೆ. ಯೂನಿಕೋಡಿನ ಹಳೆಯ ಸಾಮಾನ್ಯ ಲೆಕ್ಕದಲ್ಲಿ ‘ಸ್’ ಒಂದು, ‘ವಾ’ ಇನ್ನೊಂದು. ಈ ಲೆಕ್ಕವನ್ನು ನೆಚ್ಚಿಕೊಂಡ ಬ್ರೌಸರ್ ಅಕ್ಷರವನ್ನು ಸೀಳಿಬಿಡಬಹುದು. 2023ರ ಯೂನಿಕೋಡ್ 15.1ರಲ್ಲಿ ಭಾರತೀಯ ಸಂಯುಕ್ತಾಕ್ಷರಗಳನ್ನು ಒಡೆಯಬಾರದೆಂಬ ಹೊಸ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರಲ್ಲಿದ್ದವು. ಕನ್ನಡ ಇರಲಿಲ್ಲ. ಅಕ್ಕಪಕ್ಕದಲ್ಲೇ ಬೆಳೆದ ತೆಲುಗು ಒಳಗೆ, ಕನ್ನಡ ಹೊರಗೆ. ಸದ್ಯದ ಉಪಾಯವೆಂದರೆ ಫಸ್ಟ್-ಲೆಟರ್ ಬಳಸದೆ ‘ಸ್ವಾ’ವನ್ನು ನಾವೇ ಒಂದು ಸ್ಪ್ಯಾನ್‌ನಲ್ಲಿ ಸುತ್ತಿ ಅಲಂಕರಿಸುವುದು. ಪುಟ ಚೆನ್ನಾಗಿ ಕಾಣುತ್ತದೆ, ಗಿರಾಕಿ ಒಪ್ಪುತ್ತಾನೆ, ನಿಯಮ ಮಾತ್ರ ಇದ್ದಲ್ಲೇ ಇರುತ್ತದೆ.

ನನ್ನನ್ನು ಕಾಡುವುದು ಇದೇ. ಇಂಗ್ಲಿಷಿನ ಪುಟದಲ್ಲಿ ಪೆಟ್ಟಿಗೆ ನಲವತ್ತು ಪಿಕ್ಸೆಲ್ ತಪ್ಪಿದಾಗ ಜಗತ್ತಿನ ವಿನ್ಯಾಸಕಾರರು ಉಪಾಯ ಹೂಡಿದ್ದಷ್ಟೇ ಅಲ್ಲ, ಬಿಡದೆ ದೂರು ಕೊಟ್ಟರು. ಮಾನದಂಡ ಪಾಲಿಸುತ್ತೀಯಾ ಎಂದು ಬ್ರೌಸರಿಗೆ ಪರೀಕ್ಷೆಯೊಡ್ಡುವ ಆಸಿಡ್ ಪುಟಗಳನ್ನು 1998ರಲ್ಲಿ, 2005ರಲ್ಲಿ, 2008ರಲ್ಲಿ ಮಾಡಿದರು. 2022ರಿಂದ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ ಒಟ್ಟಿಗೆ ಕೂತು ‘ಇಂಟರಾಪ್’ ಹೆಸರಿನಲ್ಲಿ ವರ್ಷಕ್ಕಿಷ್ಟು ಭೇದಗಳನ್ನು ಆರಿಸಿ ಸರಿಪಡಿಸುತ್ತಿವೆ. ಡಿವಿಎಚ್, ಗ್ರಿಡ್, ಫ್ಲೆಕ್ಸ್‌ಗಳಲ್ಲಿ ಇವತ್ತು ಕಾಣುವ ಒಮ್ಮತ ತಾನಾಗಿ ಬಂದದ್ದಲ್ಲ. ನಾವು ಕನ್ನಡದವರು ಒತ್ತು ಕತ್ತರಿಸಿದರೆ ಪ್ಯಾಡಿಂಗ್ ಹೆಚ್ಚಿಸುತ್ತೇವೆ, ಗೆರೆ ತುಂಡಾದರೆ ಬಾರ್ಡರ್ ಹಾಕುತ್ತೇವೆ, ಹೇಗೋ ಪುಟ ನಿಲ್ಲಿಸುತ್ತೇವೆ, ದೂರು ಬರೆಯುವುದಿಲ್ಲ. ಬ್ರೌಸರ್ ಮಾಡುವವರ ಮೇಜಿಗೆ ಕನ್ನಡದ ಕಷ್ಟ ಹೋಗಿ ಮುಟ್ಟದಿದ್ದರೆ ಅದು ಅವರ ಮಟ್ಟಿಗೆ ಇಲ್ಲವೇ ಇಲ್ಲ.

ದೂರು ಬರೆಯಲು ಮೊದಲು ಕಣ್ಣಿಗೆ ಬೀಳಬೇಕು. ಕಂಪ್ಯೂಟರಿನ ಕ್ರೋಮಿನಲ್ಲಿ ಮೊಬೈಲ್ ಅಳತೆಗೆ ಕಿಟಕಿ ಕಿರಿದು ಮಾಡಿ ‘ಎಲ್ಲ ಫೋನಿನಲ್ಲೂ ಪರೀಕ್ಷಿಸಿದೆ’ ಎನ್ನುವುದು ತಪ್ಪು ಭರವಸೆ. ಅಲ್ಲಿ ಬದಲಾಗುವುದು ಅಗಲ ಮಾತ್ರ, ಎಂಜಿನ್ ಅದೇ, ಫಾಂಟೂ ಅದೇ. ಲಿನಕ್ಸಿನಲ್ಲಿ ಉಚಿತವಾಗಿ ಸಿಗುವ ಗ್ನೋಮ್ ವೆಬ್ ಬ್ರೌಸರ್ ವೆಬ್‌ಕಿಟ್ ಮೇಲೆ ನಿಂತಿದೆ, ಐಫೋನ್ ಕೊಳ್ಳಲಾಗದವರಿಗೆ ಸಫಾರಿಯ ಸ್ವಭಾವದ ಅಂದಾಜು ಅಲ್ಲಿ ಸಿಗುತ್ತದೆ. ಉಳಿದದ್ದಕ್ಕೆ ಮೊಬೈಲ್ ರಿಪೇರಿ ಅಂಗಡಿಯ ಹಳೆಯ ಸೆಟ್ಟುಗಳೇ ಸೈ. ಪರೀಕ್ಷೆಯ ಪಠ್ಯವಾಗಿ ಸಿದ್ಧ ಲ್ಯಾಟಿನ್ ಸಾಲುಗಳನ್ನು ತುಂಬದೆ, ‘ರಾಷ್ಟ್ರೀಯ’, ‘ಸ್ತ್ರೀ’, ‘ವೈಶಿಷ್ಟ್ಯ’, ‘ಉತ್ಕೃಷ್ಟ’, ‘ರ‍್ಯಾಲಿ’, ‘ಅರ್ಘ್ಯ’ ಇರುವ ಸಾಲುಗಳನ್ನು ತುಂಬಿ. ‘ರ‍್ಯಾಲಿ’ಯಲ್ಲಿ ರಕಾರ ಮುಂದೆ ನಿಂತು ಯ ಒತ್ತು ಬರಬೇಕು, ‘ಕಾರ್ಯ’ದಲ್ಲಿ ಅರ್ಕಾವೊತ್ತು ಬರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಫಾಂಟು, ಬ್ರೌಸರು ಎರಡರ ಯೋಗ್ಯತೆಯೂ ಗೊತ್ತಾಗುತ್ತದೆ.

ದೂರಿಗೆ ದೊಡ್ಡ ಇಂಗ್ಲಿಷ್ ಬೇಕಿಲ್ಲ. ತೊಂದರೆ ಕಾಣಿಸುವ ಹತ್ತೇ ಸಾಲಿನ ಒಂದು ಪುಟ್ಟ ಕಡತ, ಬ್ರೌಸರಿನ ಹೆಸರು ಮತ್ತು ಆವೃತ್ತಿ, ಫೋನಿನ ಮಾದರಿ, ಫಾಂಟಿನ ಹೆಸರು, ಹೀಗೆ ಕಾಣುತ್ತಿದೆ ಎಂಬ ಒಂದು ಚಿತ್ರ, ಹೀಗೆ ಕಾಣಬೇಕಿತ್ತು ಎಂದು ಕೈಯಲ್ಲಿ ಬರೆದ ಇನ್ನೊಂದು ಚಿತ್ರ, ಇಷ್ಟಿದ್ದರೆ ಕನ್ನಡ ಬಾರದ ಎಂಜಿನಿಯರನಿಗೂ ತಿಳಿಯುತ್ತದೆ. ಕ್ರೋಮಿಗೆ ಕ್ರೋಮಿಯಂ ಇಶ್ಯೂ ಟ್ರ್ಯಾಕರ್, ಫೈರ್‌ಫಾಕ್ಸಿಗೂ ವೆಬ್‌ಕಿಟ್‌ಗೂ ಅವುಗಳದೇ ಬಗ್‌ಜಿಲ್ಲಾ. ಯಾವ ಬ್ರೌಸರಿನ ತಪ್ಪೆಂದು ಗೊತ್ತಾಗದಿದ್ದರೆ ವೆಬ್‌ಕಾಂಪ್ಯಾಟ್ ಎಂಬ ತಾಣ. ತಪ್ಪು ಬ್ರೌಸರಿನದಲ್ಲ, ಮಾನದಂಡದ್ದೇ ಎನಿಸಿದರೆ ಡಬ್ಲ್ಯು3ಸಿಯಲ್ಲಿ ಭಾರತೀಯ ಲಿಪಿಗಳ ಪುಟವಿನ್ಯಾಸಕ್ಕೆಂದೇ ಇರುವ ಇಂಡಿಕ್ ಲೇಔಟ್ ಕಾರ್ಯಪಡೆಯ ಗಿಟ್‌ಹಬ್ ಖಾತೆಗೆ ಬರೆಯಬಹುದು. ಇಂಟರಾಪ್ ಕೂಡ ಮುಂದಿನ ವರ್ಷ ಯಾವ ಭೇದಗಳನ್ನು ಸರಿಪಡಿಸಬೇಕೆಂದು ಸಾರ್ವಜನಿಕರಿಂದ ಸಲಹೆ ಕೇಳುತ್ತದೆ. ಅದೂ ಗಿಟ್‌ಹಬ್‌ನಲ್ಲೇ, ಯಾರು ಬೇಕಾದರೂ ಸಲ್ಲಿಸಬಹುದು.